ಗಿಡ್ಡ ಲಿವರ್

ಅಣ್ಣ ಹಳೆಯದೇ ಸಾಕು ಅಂದ, ತಮ್ಮ ಹೊಸದೇ ಬೇಕು ಅಂದ. ಗುಡ್ಡದ ಮೇಲಿನ ಟವರಿಗೆ ರಿಪೇರಿಯವರನ್ನು ಕರೆದೊಯ್ಯುವುದು ಇಬ್ಬರೂ ಸೇರಿ ಮಾಡುತ್ತಿದ್ದ ಕಸುಬು. ಇದ್ದ ಗಾಡಿ ಗುಜರಿ ಸೇರಿದ್ದರಿಂದ, ನಾಲ್ಕೂ ಚಕ್ರ ಎಳೆಯುವ ವ್ಯಾಗನ್ ಒಂದನ್ನು ಕೊಳ್ಳಲೇಬೇಕಿತ್ತು. ದಲ್ಲಾಳಿ ಎರಡನ್ನು ಗುಡ್ಡದ ಬುಡಕ್ಕೆ ತಂದು ನಿಲ್ಲಿಸಿದ್ದ: ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇದ್ದ ಹಳೆಯದು, ಲಿವರಿನ ಬದಲು ಗುಂಡಿಗಳಿದ್ದ ಹೊಸದು.

ತಮ್ಮ ಹಳೆಯದು ಸ್ಟಾರ್ಟ್ ಆಗುವುದನ್ನು ಅಣಕಿಸಿದ. "ಖೊಳ್... ಖೊಳ್ಳ್... ಕೊಳ್ಳಬೇಡ್ರಪ್ಪಾ ನನ್ನ!"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ತಮ್ಮನ ಅಣಕಕ್ಕೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅವನೇ. "ಆಯ್ತು, ಗುಡ್ಡಾನೇ ಹೇಳ್ಲಿ. ನಾನು ಹೇಳಿದ್ದನ್ನ ನೀನು ಹತ್ತಿಸು, ನಿನ್ನದನ್ನ ನಾನು ಹತ್ತಿಸ್ತೀನಿ."

ಚಿಕ್ಕಂದಿನಿಂದ ಅವರದು ಇದೇ ಪದ್ಧತಿ. ಹಣ್ಣನ್ನು ಒಬ್ಬ ಹೆಚ್ಚಿದರೆ ಹೋಳನ್ನು ಇನ್ನೊಬ್ಬ ಆರಿಸಬೇಕು.

ಮೊದಲು ತಮ್ಮ ಹೊರಟ. ಕೆಸರಿನ ಕಡಿದಾದ ತಿರುವಿನಲ್ಲಿ ಗಿಡ್ಡ ಲಿವರ್ ಎಳೆದರೆ ಗಾಡಿ ತೆವಳಿಕೊಂಡಾದರೂ ಏರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗುಜರಿ ಸೇರಿದ ಗಾಡಿಯಲ್ಲಿ ಅದನ್ನು ಕಲಿಸಿದವನು ಅಣ್ಣನೇ. ಕೈ ಲಿವರಿನವರೆಗೂ ಹೋಯಿತು, ಸುಮ್ಮನೆ ಮಂಡಿ ತುರಿಸಿ ವಾಪಸ್ಸು ಬಂತು. ಆಕ್ಸಿಲರೇಟರ್ ಒತ್ತಿದ. ಚಕ್ರಗಳು ಕೆಸರು ಕಡೆದವು, ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಡಿಯನ್ನು ಹಿಂದಕ್ಕೆ ಜಾರಿಸಿಕೊಂಡು ಕೆಳಗೆ ಬಂದು ಮುಖ ಸಪ್ಪೆ ಮಾಡಿದ. "ಏನ್ಮಾಡೋದಣ್ಣ, ಮುದುಕಪ್ಪಂಗೆ ಆಗ್ತಿಲ್ಲ."

ಅಣ್ಣನೂ ಹಾಗೇ ಮಾಡಿಬಿಟ್ಟರೆ? ತಮ್ಮ ಅಣ್ಣನ ಕೈಯನ್ನೇ ನೋಡುತ್ತ ನಿಂತ. ಅಣ್ಣನೋ, ದಲ್ಲಾಳಿಯನ್ನು ಕೇಳಿ ಒಂದೊಂದೇ ಗುಂಡಿಯ ಕೆಲಸ ತಿಳಿದುಕೊಂಡ. ತಿರುವಿನಲ್ಲಿ ಇಳಿದು ಕೆಸರು ತುಳಿದು ನೋಡಿದ. ಆಮೇಲೆ ಮಗುವನ್ನು ಎತ್ತಿಕೊಂಡಷ್ಟು ಜೋಪಾನವಾಗಿ ಹೊಸದನ್ನು ತುದಿ ಮುಟ್ಟಿಸಿ ತಂದ. ಕೀಲಿಯನ್ನು ತಮ್ಮನ ಕೈಗಿಟ್ಟು ಹಳೆಯದರೊಳಗೆ ಬಗ್ಗಿದ.

"ಲಿವರ್ ಇದ್ದಲ್ಲೇ ಇದೆ. ನೀನು ಎಳೆದೇ ಇಲ್ಲ."

"ಮರ್ತೋಯ್ತು ಕಣಣ್ಣ..."

"ಹೊಸದು ಒಳ್ಳೇ ಗಾಡಿ. ತಗೋ. ಒಬ್ಬನೇ ಓಡಿಸ್ಕೋ."

ತಮ್ಮ ತಟ್ಟನೆ ದಲ್ಲಾಳಿಯ ದನಿ ಅಣಕಿಸಿದ. "ಸಾರ್, ಎಕ್ಸ್‌ಚೇಂಜಿಗೆ ಅಣ್ಣನ್ನ ತಗೊಳಲ್ಲ ಸಾರ್!"

ದಲ್ಲಾಳಿಯೇ ನಕ್ಕ. ಅಣ್ಣ ನಗಲಿಲ್ಲ.

"ಹೊಸದೇ ಬೇಕು ಅಂತ ಹಟ ಹಿಡಿದಿದ್ರೆ ನಾನೇ ಒಪ್ತಿದ್ದೆ ಕಣೋ. ಇನ್ಮೇಲೆ ಆ ತಿರುವಲ್ಲಿ ನೀನು ಸ್ಟೀರಿಂಗ್ ಹಿಡಿದಾಗ, ಪಕ್ಕದಲ್ಲಿ ನಾನು ಹೇಗೆ ಕೂರ್ಲಿ ಹೇಳು?"

ಈಗ ತಮ್ಮ ಹೊಸದರಲ್ಲೇ ಗುಡ್ಡ ಹತ್ತುತ್ತಾನೆ. ಪಕ್ಕದ ಸೀಟಿನಲ್ಲಿ ಸ್ಪ್ಯಾನರುಗಳ ಚೀಲ. ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಗಾಡಿ ಕೀಂ ಕೀಂ ಎಂದು ಬಡಿದುಕೊಳ್ಳುತ್ತದೆ. ಅವನು ಚೀಲಕ್ಕೆ ಬೆಲ್ಟ್ ಬಿಗಿದು, ಸದ್ದಡಗಿದ ಮೇಲೆ ಹೊರಡುತ್ತಾನೆ.