ಬಾವಿ ಯಾರದು

ಅಣ್ಣಯ್ಯ ತೀರಿಕೊಂಡನೆಂದು ತಿಳಿದ ಬೆಳಿಗ್ಗೆ ನಾನು ನಲ್ಲಿಯ ಕೆಳಗೆ ದೇವರ ಕೊಡವಿಟ್ಟು ಕಾಯುತ್ತಿದ್ದೆ. ನೀರು ಹೊಸೆದ ಬತ್ತಿಯಷ್ಟು ಸಣ್ಣಗೆ ಇಳಿಯುತ್ತಿತ್ತು. ಸುದ್ದಿ ತಂದವರು ಮಾತು ಮುಗಿಸುವ ಹೊತ್ತಿಗೆ ಕೊಡ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ.

ಆ ನೀರನ್ನು ಊರಿಗೆ ತಂದವನು ಅವನೇ. ಊರಾಚೆ ದೊಡ್ಡ ಬಾವಿ ತೋಡಿಸಿ, ಯಂತ್ರ ಕೂರಿಸಿ, ಬೀದಿಬೀದಿಗೆ ಕೊಳವೆ ಹಾಕಿಸಿದ್ದ. ಅತ್ತಿಗೆಯ ಒಡವೆಯೆಲ್ಲ ಅದಕ್ಕೇ ಹೋಗಿತ್ತು. ಆಮೇಲೆ ಸರ್ಕಾರ ಅವನು ಮನೆಗಳಿಂದ ಪಡೆಯಬಹುದಾದ ನೀರಿನ ದರ ಗೊತ್ತುಮಾಡಿತು. ಆ ದರದಲ್ಲಿ ಯಂತ್ರಕ್ಕೆ ಎಣ್ಣೆ ಹಾಕುವುದೂ ಕಷ್ಟವಾಯಿತು. ಹೀಗೇ ನಡೆದರೆ ಯಂತ್ರದ ಮನೆಗೆ ಬೀಗ ಬೀಳುವುದು ಖಂಡಿತವಿತ್ತು. ಇದು ತನ್ನ ಆಸ್ತಿಯನ್ನು ಕಿತ್ತುಕೊಂಡಂತೆಯೇ ಎಂದು ಅಣ್ಣಯ್ಯ ದಾವೆ ಹೂಡಿದ. ಊರಿನವರು ನಕ್ಕರು. ಹೂ ಮಾರುವ ಪುಟ್ಟತಾಯಮ್ಮ ನಮ್ಮ ಜಗುಲಿಯಲ್ಲೇ ಕೂತು, "ಕಿತ್ಕಂಡ್ರು ಅಂತೀರಲ್ಲವ್ವ, ನಿಮ್ಮಣ್ಣಾರ ಬಾವಿ ನೆನ್ನೆನೂ ಅಲ್ಲೇ ಇತ್ತು. ನಾನೇ ನೋಡ್ಕಂಡ್ ಬಂದೆ" ಎಂದಳು.

ವಿಚಾರಣೆಯ ದಿನ ನಾನೂ ಅತ್ತಿಗೆಯೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಏನು ಕೇಳಿದರೂ ನನ್ನದು ಎಂದರೆ ಸಾಕೆಂದು ನಮ್ಮ ವಕೀಲರು ಮೊದಲೇ ಹೇಳಿಕೊಟ್ಟಿದ್ದರು. ಸರ್ಕಾರದ ವಕೀಲರು ಏನೇನೋ ಕೇಳಿ, ಕೊನೆಗೆ ವಾಡಿಕೆಯಂತೆ ಬಾವಿ ಯಾರದೆಂದರು. ಅಣ್ಣಯ್ಯ ನ್ಯಾಯಾಧೀಶರತ್ತ ತಿರುಗಿದ.

"ತೋಡಿಸಿದೋನು ನಾನು ಸ್ವಾಮಿ. ಆದ್ರೆ ಅದು ನಂದಲ್ಲ."

ನಮ್ಮ ವಕೀಲರು ಹಣೆಯ ಮೇಲೆ ಕೈಯಿಟ್ಟುಕೊಂಡರು. ಅತ್ತಿಗೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

ನಮ್ಮ ಮನೆತನದಲ್ಲಿ ಬಾವಿ ತೋಡಿಸಿದವರು ಅದರ ನೀರು ಕುಡಿಯುವ ಮೊದಲು ಉತ್ಸರ್ಗ ಮಾಡಬೇಕು. ತುಳಸಿಯೊಡನೆ ಬೊಗಸೆ ನೀರು ಬಿಟ್ಟು, ಇದು ಸಕಲ ಪ್ರಾಣಿಗಳಿಗೂ ಸೇರಿದ್ದೆಂದು ಕೊಟ್ಟುಬಿಡಬೇಕು. ಅಣ್ಣಯ್ಯ ಹಾಗೆ ಕೊಟ್ಟಿದ್ದ. ದಾವೆ ಹೂಡುವಾಗ ನಮ್ಮಲ್ಲಿ ಯಾರಿಗೂ ಅದು ನೆನಪಾಗಿರಲಿಲ್ಲ. ದೇವರ ಮೇಲೆ ಪ್ರಮಾಣ ಮಾಡಿ ನಿಂತವನಿಗೆ ನೆನಪಾಯಿತು.

ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. "ನೀರು ನಿಮ್ಮದಲ್ಲ ಅಂದ್ಮೇಲೆ ಸರ್ಕಾರ ನಿಮ್ಮಿಂದ ಕಿತ್ಕೊಂಡಿದ್ದೇನು?"

"ಯಂತ್ರ ನಂದು, ಕೊಳವೆ ನಂದು, ನೀರೆತ್ತಿ ಮನೆಬಾಗಿಲಿಗೆ ಮುಟ್ಟಿಸೋ ದುಡಿಮೆ ನಂದು. ದರ ನೀವೇ ಗೊತ್ತುಮಾಡಿ ಸ್ವಾಮಿ, ಬೇಡ ಅನ್ನಲ್ಲ. ಯಂತ್ರ ನಿಂತುಹೋಗೋ ಹಾಗೆ ಗೊತ್ತುಮಾಡಿದ್ರೆ, ನನ್ನಿಂದಲೂ ಕಿತ್ಕೊಂಡ ಹಾಗೆ, ಕುಡಿಯೋರಿಂದಲೂ ಕಿತ್ಕೊಂಡ ಹಾಗೆ."

ಗರ್ಭಗುಡಿಯ ಪರದೆ ಸರಿದಾಗ ಆಗುವಂತೆ ನನ್ನ ಮೈ ನವಿರೆದ್ದಿತು. ಜೊತೆಯಲ್ಲಿ ಆಡಿ ಬೆಳೆದ ಅಣ್ಣಯ್ಯನನ್ನು ನಾನು ಅಂದಿನವರೆಗೆ ನೋಡಿಯೇ ಇರಲಿಲ್ಲವೆನಿಸಿತು.

ಬಾವಿಗೆ ಪರಿಹಾರ ಸಿಗಲಿಲ್ಲ. ಎಲ್ಲರಿಗೂ ಸೇರಿದ ನೀರಿಗೆ ದರ ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕಿದೆ ಎಂದು ತೀರ್ಪಾಯಿತು. ಆದರೆ ಯಂತ್ರವನ್ನೂ ಅದನ್ನು ನಡೆಸುವವನನ್ನೂ ಉಪವಾಸ ಕೆಡವುವ ದರ ಆಸ್ತಿಯ ಅಪಹರಣವೇ ಸರಿ, ಅದನ್ನು ಹೊಸದಾಗಿ ಗೊತ್ತುಮಾಡಬೇಕು ಎಂದೂ ಅದರಲ್ಲಿತ್ತು. ಯಂತ್ರದ ಮನೆ ಉಳಿಯಿತು. ಅತ್ತಿಗೆಯ ಕೊರಳು ಬರಿದಾಗಿಯೇ ಇತ್ತು. ಆದರೂ ಆ ಸಂಜೆ ಅವರು ಅಣ್ಣಯ್ಯನಿಗೆ ತಾವೇ ಕೂತು ಬಡಿಸಿದರು.

ಭಗವಂತಾ, ಗೆಲ್ಲಬೇಕಾದ ಗಳಿಗೆಯಲ್ಲಿ ಅವನು ನಿನ್ನೆದುರು ಆಡಿದ ಮಾತು ಉಳಿಸಿಕೊಂಡ. ಈಗ ಯಂತ್ರವನ್ನೂ ಬಿಟ್ಟು, ಯಾವುದನ್ನೂ ನನ್ನದೆನ್ನದೆ ನಿನ್ನ ಬಳಿಗೆ ಬಂದಿದ್ದಾನೆ. ಆ ಬರಿಗೈಯನ್ನು ನೀನು ಹಿಡಿದುಕೋ. ಅವನ ಜೀವಕ್ಕೆ ತಂಪಾಗಲಿ.