ಶಶಿಕಲಾ ಹೂ ಮುಡಿಯದ ದಿನ

ನಮ್ಮ ಉಪ್ಪಾರಹಳ್ಳಿಯ ಬೀದಿಯಲ್ಲಿ ಶುಕ್ರವಾರದ ಬೆಳಿಗ್ಗೆಯೂ ಹೂ ಮುಡಿಯದೆ, ಪೌಡರು ಹಚ್ಚದೆ, ಪರಿಮಳವಿಲ್ಲದ ಸೋಪಿನಲ್ಲಿ ಮುಖ ತೊಳೆದು ಕೆಲಸಕ್ಕೆ ಹೊರಡುವ ಮುತ್ತೈದೆ ಶಶಿಕಲಾ ಒಬ್ಬರೇ. ಅತ್ತೆ ಓಬಳಮ್ಮನವರಿಗೆ ಇದು ಇಂದಿಗೂ ಅರಗದ ಸಂಗತಿ. ಕೈಯಲ್ಲಿ ಮಲ್ಲಿಗೆ ಹಿಡಿದು ಗೇಟಿನತನಕ ಬಂದು, “ಒಂದೇ ಒಂದ್ ತುಂಡ್ ಮುಡ್ಕೊಂಡ್ ಹೋಗೇ” ಎನ್ನುತ್ತಾರೆ. “ಸಾಯಂಕಾಲ ಮುಡ್ಕೋತೀನಿ ಬಿಡಿ ಅತ್ತೆ, ಈಗ ಮೂಗಿಗೆ ಕೆಲ್ಸ ಇದೆ” ಎಂದು ಇವರು ಸ್ಕೂಟರ್ ಹತ್ತುತ್ತಾರೆ.

ನೆಲದಡಿ ಹೂತಿಟ್ಟ ಪೆಟ್ರೋಲ್ ಟ್ಯಾಂಕುಗಳು ತುಕ್ಕು ಹಿಡಿದು ಸೋರಿದಾಗ ಸುತ್ತಲಿನ ಮಣ್ಣಿಗೆ, ಬಾವಿಗೆ, ಬೋರ್‌ವೆಲ್ಲಿಗೆ ಏನಾಗಿದೆಯೆಂದು ಪತ್ತೆ ಮಾಡುವುದು ಭೂವಿಜ್ಞಾನಿ ಶಶಿಕಲಾರ ವೃತ್ತಿ. ಅದಕ್ಕೆಂದೇ ಯಂತ್ರವಿದೆ, ಪ್ರಯೋಗಾಲಯವಿದೆ. ಆದರೂ ಮೊದಲ ಸುಳಿವು ಮೂಗಿನದೇ ಆಗಬೇಕೆಂಬುದು ಅವರ ಹಟ. ನಡಿಗೆಯಂತೂ ವಿಚಿತ್ರ. ಗಂಡನ ಹಳೆಯ ಖಾಕಿ ಕೋಟು ತೊಟ್ಟು, ಜೇಬಿನಲ್ಲಿ ಮಣ್ಣಿನ ಸೀಸೆಗಳನ್ನು ಕಿಣಿಕಿಣಿಸುತ್ತ, ಇಳಿಜಾರಿನತ್ತ ನಾಲ್ಕು ಹೆಜ್ಜೆ ಹಾಕಿ, ಏನನ್ನೋ ಮರೆತವರಂತೆ ನಿಂತು, ಮತ್ತೆ ತೇಲಿದಂತೆ ಹೊರಡುತ್ತಾರೆ. ಬಟವಾಡಿ ಸರ್ಕಲ್ಲಿನ ಗದ್ದಲದಲ್ಲಿ ಹೀಗೆ ನಿಂತವರನ್ನು ಆಟೋದವನೊಬ್ಬ ಬೈದ. ಇವರಿಗೆ ಕೇಳಿಸಲೇ ಇಲ್ಲ. “ಕೆಳಗೆ ನೀರು ನಡೀತಾ ಇರತ್ತೆ. ಅದಕ್ಕೆ ಅವಸರ ಇಲ್ಲ, ನಮಗ್ಯಾಕೆ ಹೇಳಿ” ಎಂದರು ನನಗೆ. ಆ ಮಾತು ಕೇಳಿದ ಮೇಲೆ ಟಾರು ರಸ್ತೆಯಲ್ಲಿ ನಡೆಯುವಾಗಲೂ ಕಾಲಡಿಯಲ್ಲಿ ಕತ್ತಲೆಯ ತೊರೆಯೊಂದು ಮೆಲ್ಲನೆ ಸರಿಯುತ್ತಿರುವಂತೆ ಭಾಸವಾಗಿ, ನಾನು ಕುಣಿಗಲ್ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಕಳೆದ ಮಳೆಗಾಲದಲ್ಲಿ, ಅವರ ಕೆಲಸ ನೋಡುವ ಆಸೆಯಿಂದ, ಅವರ ಜೊತೆ ಗುಬ್ಬಿಗೆ ಹೋಗಿದ್ದೆ. ಹಿತ್ತಲ ಬಾವಿಯ ನೀರು ಸೀಮೆಎಣ್ಣೆಯಂತೆ ನಾರುತ್ತದೆಂದು ಮಸ್ತಾನ್ ಬೀ ಎಂಬ ವೃದ್ಧೆಯ ದೂರು. ಬೇಸಗೆಯಲ್ಲಿ ಪರೀಕ್ಷಿಸಿದವರಿಗೆ ಏನೂ ಸಿಕ್ಕಿರಲಿಲ್ಲ. ಹತ್ತಿರದಲ್ಲೆಲ್ಲೂ ಪೆಟ್ರೋಲ್ ಬಂಕೇ ಇರಲಿಲ್ಲ. ವಾಸನೆ ಬರುವುದು ಮಳೆ ಹಿಡಿದಾಗ ಮಾತ್ರ, ಅದೂ ಬೆಳಗಿನ ಮೊದಲ ಕೊಡದಲ್ಲಿ, ಅದೂ ಅವರೊಬ್ಬರ ಮೂಗಿಗೆ. “ಅಮ್ಮಿಗೆ ವಯಸ್ಸಾಯ್ತು ಮೇಡಂ. ಸಾರಲ್ಲೂ ವಾಸ್ನೆ ಅಂತಾರೆ, ಟೀಲೂ ವಾಸ್ನೆ ಅಂತಾರೆ. ತಲೆ ಡಾಕ್ಟ್ರಿಗೆ ತೋರಿಸ್ಬೇಕು ಅಂತಿದೀವಿ” ಎಂದ ಮಗ ಅಫ್ತಾಬ್, ತಾಯಿಯ ಎದುರೇ. ಆಕೆ ತನ್ನ ಮೂಗನ್ನು ತಾನೇ ನಂಬಲಾರದೆ, ಅಡುಗೆಯನ್ನು ಸೊಸೆಗೆ ಬಿಟ್ಟುಕೊಟ್ಟು, ಒಲೆಗೆ ಬೆನ್ನು ಮಾಡಿ ಕೂತಿದ್ದರು. ಅಯ್ಯೋ ಪಾಪ ಎಂದುಕೊಂಡೆ ನಾನು.

ಶಶಿಕಲಾ ಯಾರ ಪರವನ್ನೂ ವಹಿಸಲಿಲ್ಲ. “ನೋಡೋಣ ಇರಿ” ಎಂದರು. ಸಕಲ ಪ್ರಶ್ನೆಗಳಿಗೂ ಅವರದು ಅದೇ ಉತ್ತರ. ಬಾವಿಯಿಂದ ಎತ್ತರದ ಕಡೆಗೆ ನಡೆಯುತ್ತ ಹೋಗಿ ಅಂಗಡಿಸಾಲಿನ ಹಿಂದೆ ನಿಂತರು. ಅಲ್ಲಿ ಸಣ್ಣದೊಂದು ತೂತು ಕೊರೆಸಿ, ಮೇಲೆ ಬಂದ ಹಸಿಮಣ್ಣಿನ ಗಾಳಿಯನ್ನು ಅಂಗೈಯಿಂದ ಮೂಗಿನತ್ತ ಬೀಸಿಕೊಂಡು ಕಣ್ಣು ಮುಚ್ಚಿದರು. ಹಾಡುಹಗಲೇ ನಿದ್ದೆಹೋದರೇನೋ ಅನ್ನಿಸುವಷ್ಟು ಹೊತ್ತು ಹಾಗೇ ಇದ್ದು, “ಪೆಟ್ರೋಲು” ಎಂದರು. ಆಮೇಲೆ ಯಂತ್ರವೂ ಅದನ್ನೇ ಹೇಳಿತು, ಪ್ರಯೋಗಾಲಯವೂ ಅದನ್ನೇ ಹೇಳಿತು. ಅಂಗಡಿಗಳು ಏಳುವ ಮೊದಲು ಅಲ್ಲೊಂದು ಬಂಕ್ ಇತ್ತಂತೆ. ಮುಚ್ಚುವಾಗ ಮಾಲೀಕ ಟ್ಯಾಂಕನ್ನು ನೆಲದಲ್ಲೇ ಬಿಟ್ಟುಹೋಗಿದ್ದ, ಊರು ಮರೆತಿತ್ತು. ಮಳೆಗೆ ನೆಲದೊಳಗಿನ ನೀರು ಏರಿದಾಗಲೆಲ್ಲ ಮಣ್ಣಿನಲ್ಲಿ ಉಳಿದಿದ್ದ ಪೆಟ್ರೋಲು ಬಾವಿಗೆ ಜಿನುಗಿ, ರಾತ್ರಿಯಿಡೀ ಮೇಲೆ ತೇಲಿ ನಿಂತು, ಬೆಳಗಿನ ಮೊದಲ ಕೊಡಕ್ಕೆ ಬರುತ್ತಿತ್ತು.

ಫಲಿತಾಂಶ ತಿಳಿಸಲು ಹೋದಾಗಲೂ ನಾನಿದ್ದೆ. “ಅಮ್ಮಾ, ನಿಮ್ ಮೂಗು ಸರಿಯಾಗೇ ಇದೆ. ಆದ್ರೆ ಈ ನೀರನ್ನ ಇನ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ” ಎಂದು ಶಶಿಕಲಾ ಎರಡನ್ನೂ ಒಂದೇ ಉಸಿರಿಗೆ ಹೇಳಿದರು. ಆ ವೃದ್ಧೆಯ ಗಂಡ ತೋಡಿಸಿದ, ಬೀದಿಗೆಲ್ಲ ನೀರು ಕೊಟ್ಟ ಬಾವಿ ಅದು. ಮಸ್ತಾನ್ ಬೀ ಅದರತ್ತ ತಿರುಗಿದರು. “ಹೋಗ್ಲಿ ಬಿಡಮ್ಮ. ತಲೆ ಕೆಟ್ಟೈತೆ ಅಂತ ನಾನೂ ನಂಬ್ಬಿಟ್ಟಿದ್ದೆ” ಎಂದು ಎದ್ದು, ಒಳಗೆ ಹೋಗಿ ಸೊಸೆಯ ಕೈಯಿಂದ ಸೌಟು ಇಸಿದುಕೊಂಡರು. ಅಫ್ತಾಬ್ ಕೊಡ ಎತ್ತಿಕೊಂಡು ಬೀದಿ ನಲ್ಲಿಯ ಕಡೆ ನಡೆದ.

ಅಯ್ಯೋ ಪಾಪ ಎನ್ನುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ, ನಾನೂ ಅವರಲ್ಲೊಬ್ಬ. ನೀವು ಹೇಳಿದ್ದು ನಿಜವಿರಬಹುದು ಎಂದುಕೊಂಡು ನೆಲ ಅಗೆದು ನೋಡುವ ಬಗೆಯವರು ಮಾತ್ರ ವಿರಳ. ಅಂಥವರು ಬಂದುಹೋದ ಮನೆಯಲ್ಲಿ ಎಷ್ಟೇ ನಷ್ಟವಾಗಲಿ, ಯಾರೋ ಒಬ್ಬರು ಮತ್ತೆ ತಮ್ಮನ್ನು ತಾವು ನಂಬಲು ತೊಡಗುತ್ತಾರೆ.