ಬಲೆ ತುಳಿದ ಕಾಲು

ಅಕ್ಕನ ಮಗಳು ಪ್ರಗತಿಯನ್ನು ಸದಾಶಿವಗಡದ ನಿತೇಶನಿಗೆ ಕೊಟ್ಟ ದಿನ ನಾನೂ ಪಂಕ್ತಿಯಲ್ಲಿ ಕುಳಿತು ಹಲ್ಲು ಕಿಸಿದಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಬೋಟಿನ ತಾಂಡೇಲ ಅವನು, ಇಪ್ಪತ್ತು ಆಳುಗಳನ್ನು ಸಮುದ್ರಕ್ಕೆ ಕರೆದೊಯ್ದು ಕರೆತರುವವನು. ಮನೆಯೊಳಗೆ ಮೂರು ಕ್ಯಾಮೆರಾ ಹಾಕಿಸಿದ್ದ, ಕಳ್ಳರಿಗಲ್ಲ, ಹೆಂಡತಿಗೆ. ಬಂದರಿನಲ್ಲಿ ಕುಳಿತು ಫೋನಿನಲ್ಲಿ ನೋಡುತ್ತ, ಯಾರ ಹತ್ತಿರ ನಕ್ಕೆ, ಎಷ್ಟು ಹೊತ್ತು ಮಲಗಿದ್ದೆ ಎಂದು ವಿಚಾರಣೆ ಮಾಡುತ್ತಿದ್ದ. ಉತ್ತರ ಒಗ್ಗದಿದ್ದರೆ ಮನೆಗೆ ಬಂದು ಒದೆಯುತ್ತಿದ್ದ. ನಾಲ್ಕು ತಿಂಗಳ ಬಸುರಿಯನ್ನೂ ಒದ್ದ. ಮಗು ಉಳಿಯಲಿಲ್ಲ. ಹುಡುಗಿ ಉಟ್ಟ ಬಟ್ಟೆಯಲ್ಲೇ ಹಾರವಾಡಕ್ಕೆ, ಮಾವಶಿ ಎಂದು ಕರೆಯುವ ಚಿಕ್ಕಮ್ಮನಾದ ನನ್ನ ಮನೆಗೆ ಓಡಿ ಬಂದಳು.

ಅವಳ, ಅವಳಿರುವ ಮನೆಯ ಐವತ್ತು ಮೀಟರ್ ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಆದೇಶ ಮಾಡಿತು. ಕಾಗದಕ್ಕೆ ಹೆದರುವ ಪ್ರಾಣಿಯೇ ಅದು? ನಾನು ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿರುವ ಹೊತ್ತು ನೋಡಿ, ಹಾಡಹಗಲೇ ಬರುತ್ತಿದ್ದ. ಬಾಗಿಲು ಒದೆಯುತ್ತಿದ್ದ. ಸೀಮೆಎಣ್ಣೆ ಸುರಿಯುತ್ತೇನೆ ಎನ್ನುತ್ತಿದ್ದ. ಹುಡುಗಿ ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ಕುಳಿತಿರುತ್ತಿದ್ದಳು. ಹೀಗೇ ಆದರೆ ಇವಳು ಒಂದು ದಿನ ಸೋತು ಅವನ ಹಿಂದೆ ಹೊರಟೇ ಹೋಗುತ್ತಾಳೆ ಎಂಬ ಹೆದರಿಕೆ ನನಗೆ. ಹೋದರೆ ಜೀವಸಹಿತ ತಿರುಗಿ ಬರುವವಳಲ್ಲ.

ನೆರೆಮನೆಯ ದೀಕ್ಷಾ ಅಂಕೋಲೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳೇ ಬಾಗಿಲ ಮೇಲೆ ಒಂದು ಬೆಲ್ಲು ಕೂರಿಸಿದಳು. ಅದರಲ್ಲಿ ಕ್ಯಾಮೆರಾ ಇತ್ತು. ಎಲ್ಲೋ ಕುಳಿತು ಫೋನಿನಲ್ಲಿ ಮಾತಾಡಿದರೆ ಬಾಗಿಲಲ್ಲಿ ನಿಂತವನಿಗೆ ಕೇಳುತ್ತಿತ್ತು. ಮನೆಯ ದೀಪ, ಟಿವಿಯನ್ನೂ ಫೋನಿನಿಂದಲೇ ಹಚ್ಚಿ ಆರಿಸುವಂತೆ ಮಾಡಿಕೊಟ್ಟಳು. ಅಷ್ಟು ಮಾಡಿದರೂ ಸಿಕ್ಕಿದ್ದೇನು? ಕಪ್ಪು ಗಾಜಿನ ಹೆಲ್ಮೆಟ್ಟು. ಅವನು ಅದನ್ನು ತೆಗೆಯುತ್ತಲೇ ಇರಲಿಲ್ಲ. ಕೇಳಿದರೆ ಬೋಟಿನವರೆಲ್ಲ ಒಂದೇ ಬಾಯಲ್ಲಿ, ತಾಂಡೇಲ ನಮ್ಮ ಜೊತೆ ಸಮುದ್ರದಲ್ಲಿದ್ದ ಎಂದರು.

"ಹೆಲ್ಮೆಟ್ಟಿನ ಮೇಲೆ ಕೇಸ್ ಹಾಕೂಕೆ ಆಗ್ತದೇನಮ್ಮ? ಮುಖ ತನ್ನಿ," ಎಂದರು ಠಾಣೆಯ ಸಾಹೇಬರು.

ಮನೆಗೆ ಬಂದವಳೇ ಅಟ್ಟದಿಂದ ನನ್ನ ಗಂಡನ ಹಳೆಯ ಬಲೆ ಇಳಿಸಿದೆ. ಆತ ಸತ್ತು ಒಂಬತ್ತು ವರ್ಷವಾಗಿತ್ತು.

"ಇದೆಂತಕ್ಕೆ ಬೇಬಿ ಅಕ್ಕಾ?" ಎಂದು ದೀಕ್ಷಾ ಕೇಳಿದಳು.

"ಅಂವ ಹೆಂಡ್ತಿಯ ಒದೀತಾ. ಬಲೆಯ ಒದೂದಿಲ್ಲ," ಎಂದೆ.

ನಮ್ಮವರಲ್ಲಿ ಬಲೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅನ್ನ ಹಾಕುವುದು ಅದು. ಕುಡಿದು ತೂರಾಡುವವನ ಕೈಯೂ ತಾನಾಗಿಯೇ ಕಣ್ಣಿಗೆ ಹೋಗುತ್ತದೆ. ಕಣ್ಣಿಗೊತ್ತಿಕೊಳ್ಳಬೇಕಾದರೆ ಹೆಲ್ಮೆಟ್ಟಿನ ಗಾಜು ಎತ್ತಲೇಬೇಕಲ್ಲ. ಜಗಲಿಯ ಉದ್ದಕ್ಕೂ ಬಲೆ ಹರಡಿ, ಪಕ್ಕದ ಒಣಮೀನಿನ ಬುಟ್ಟಿಯೊಳಗೆ ಇನ್ನೊಂದು ಸಣ್ಣ ಕ್ಯಾಮೆರಾ ಇಟ್ಟೆವು, ಮೇಲ್ಮುಖವಾಗಿ.

ಬುಧವಾರ ಬೆಳಿಗ್ಗೆ ಪೇಟೆಯಲ್ಲಿ ಸುದ್ದಿ ಸಿಕ್ಕಿತು: ನಿತೇಶನ ಬೋಟು ಬೈತಕೋಲ ಬಂದರಿಗೆ ಬಂದಿದೆ. ಯಾವ ಬೋಟು ಯಾವಾಗ ದಡ ಮುಟ್ಟಿತು ಎಂಬುದು ಮೀನು ಮಾರುವ ಹೆಂಗಸರಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು? ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಪ್ರಗತಿಯನ್ನು ಅಂಕೋಲೆಗೆ ಕರೆಸಿಕೊಂಡು, ಇಬ್ಬರೂ ಠಾಣೆಯ ಬೆಂಚಿನ ಮೇಲೆ ಕುಳಿತೆವು. ಅಲ್ಲಿಂದಲೇ ಅವಳು ಮನೆಯ ದೀಪ ಹಚ್ಚಿ ಟಿವಿ ಹಾಕಿದಳು. ಅವಳ ಚಪ್ಪಲಿ ಬೇಕೆಂದೇ ಮೆಟ್ಟಿಲ ಮೇಲಿತ್ತು.

ಹನ್ನೆರಡಕ್ಕೆ ಫೋನು ಗುಂಯ್‌ಗುಟ್ಟಿತು. ಹೆಲ್ಮೆಟ್ಟು ಅಂಗಳಕ್ಕೆ ಬಂತು. ನೇರ ಜಗಲಿ ಹತ್ತಿದವನು ಬಲೆಯ ಮೇಲೆ ಕಾಲಿಟ್ಟ. ತಟ್ಟನೆ ಕಾಲು ಹಿಂದೆ ತೆಗೆದ. ಬಗ್ಗಿದ, ಬಲೆ ಮುಟ್ಟಿದ, ಗಾಜು ಎತ್ತಿ ಎರಡೂ ಕಣ್ಣಿಗೆ ಭಕ್ತಿಯಿಂದ ಒತ್ತಿಕೊಂಡ. ಥೂ ಪಾಪಿ, ನನ್ನ ಹುಡುಗಿಯ ಹೊಟ್ಟೆ ಆ ಹರಕು ಬಲೆಗಿಂತ ಕಡೆಯಾಗಿತ್ತೇ ನಿನಗೆ?

"ಸಾಹೇಬ್ರೇ, ಮುಖ," ಎಂದು ಫೋನನ್ನು ಅವರ ಮೂಗಿನ ಹತ್ತಿರ ಹಿಡಿದೆ.

ಅವರು ನೋಡಿದರು. ಟೊಪ್ಪಿಗೆ ತೆಗೆದುಕೊಂಡು, "ಜೀಪ್ ತೆಗೀರಿ," ಎಂದರು. ನಾವೂ ಹಿಂದೆ ಹತ್ತಿ ಕುಳಿತೆವು.

ಹಾರವಾಡ ಮುಟ್ಟುವವರೆಗೆ ಅವನನ್ನು ಹಿಡಿದಿಡಬೇಕಿತ್ತು. ಆ ಕೆಲಸ ಪ್ರಗತಿಯದು. ಅವನ ಹೆಸರು ಕೇಳಿದರೆ ನಡುಗುತ್ತಿದ್ದ ಹುಡುಗಿ ಜೀಪಿನಲ್ಲಿ ಕುಳಿತು, ಬಾಗಿಲ ಬೆಲ್ಲಿನಲ್ಲಿ ಕೇಳುವಂತೆ ಫೋನಿನಲ್ಲಿ ಮಾತಾಡಿದಳು. "ಒದೀಬೇಡಿ, ಬಾಗಿಲು ತೆಗೀತೆ. ಸೀರೆ ಉಟ್ಕಂತಿದ್ದೆ."

"ಬೇಗ ಬಾ. ಕೋರ್ಟಿಗೆ ಹೋಗ್ತ್ಯಾ? ಇವತ್ತು ಕಾಲೇ ಮುರೀತೆ," ಎಂದ ಅವನು.

"ಬಂದೆ ಬಂದೆ. ಚೀಲ ತುಂಬ್ತಿದ್ದೆ. ಕರ್ಕಂಡ್ ಹೋಗ್ತ್ರಲಾ?"

ಅವನು ಗೆದ್ದೆ ಎಂದುಕೊಂಡ. ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡು, ಬೆಲ್ಲಿನ ಗಾಜಿನಲ್ಲೇ ಮುಖ ನೋಡಿ ಕೂದಲು ತೀಡಿಕೊಂಡ. ಸಾಹೇಬರು ಮುಂದಿನ ಸೀಟಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದರು.

ಜೀಪು ಅಂಗಳದ ಬದಿಗೆ ನಿಂತಿತು. ಟಿವಿಯ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಪ್ರಗತಿ ಫೋನನ್ನು ಬಾಯಿಗೆ ಹತ್ತಿರ ಹಿಡಿದು ನಿಧಾನವಾಗಿ ಹೇಳಿದಳು, "ನಾ ಒಳಗಿಲ್ಲ. ಹಿಂದೆ ತಿರುಗು."

ತಿರುಗಿದ. ಇಬ್ಬರು ಪೊಲೀಸರು ರಟ್ಟೆ ಹಿಡಿದಾಗ ಆ ತಾಂಡೇಲನ ಮೋರೆ ನೋಡಬೇಕಿತ್ತು. ಅಕ್ಕಪಕ್ಕದ ಹೆಂಗಸರೆಲ್ಲ ಬೇಲಿಗೆ ಬಂದು ನೋಡಿದರು.

"ಮಾವಶಿ, ಬೋಟಿನವ್ರ ಎದ್ರು ಮರ್ಯಾದಿ ಹೋಗ್ತದೆ. ನೀವಾದ್ರೂ ಒಂದ್ ಮಾತು ಹೇಳಿ," ಎಂದು ನನಗೆ ಕೈ ಮುಗಿದ.

"ಹೇಳ್ತೆ ಮಗನೇ. ನಾಳೆಯಿಂದ ಪೇಟೆಲಿ ಮೀನು ತಕಂಡವ್ರಿಗೆಲ್ಲ ಹೇಳ್ತೆ."

ನನಗೆ ಪಾಪ ಅನ್ನಿಸಲಿಲ್ಲ. ಒಳ್ಳೆಯ ಖುಷಿಯಾಯಿತು, ಮುಚ್ಚಿಡುವುದೇಕೆ? ಪ್ರಗತಿ ಜೀಪಿನಿಂದ ಇಳಿದು ಸಾಹೇಬರ ಎದುರು ನಿಂತಳು. "ಇವ್ನ ಐವತ್ತು ಮೀಟರ್ ದೂರ ನಿಲ್ಸಿ ಸಾಹೇಬ್ರೇ. ಕೋರ್ಟು ಅಷ್ಟೇ ಹೇಳದ್ದು. ನಾ ಮನೆ ಒಳಗೆ ಹೋಗಬೇಕು," ಎಂದಳು.

ಅವನನ್ನು ರಸ್ತೆಯವರೆಗೆ ದೂಡಿಕೊಂಡು ಹೋಗಿ ಬಿಸಿಲಿನಲ್ಲಿ ನಿಲ್ಲಿಸಿದರು. ಸಾಹೇಬರು ಪಂಚರನ್ನು ಕರೆಸಿ ಮಹಜರು ಬರೆಯತೊಡಗಿದರು. ಇನ್ನು ಒಂದು ಗಂಟೆಯ ಕೆಲಸ. ಹುಡುಗಿ ಹಿತ್ತಿಲ ಬಾಗಿಲಿನ ಬೀಗ ತೆಗೆದು ಒಳಗೆ ಹೋಗಿ, ಮುಂಬಾಗಿಲನ್ನು ಅಗಲ ತೆರೆದಳು.

"ಮಾವಶಿ, ಒಂದು ಕುರ್ಚಿ ಹಾಕು ಇಲ್ಲಿ," ಎಂದಳು. "ಅಂವ ನಿಂತಿರ್ಲಿ. ನಾ ಕೂತ್ಕಂಡೇ ನೋಡ್ತೆ."